ಲಾಭ

ನಮ್ಮ ಮಂದಿ ಅದಕ್ಕ ಮಶೀದ ಅಂತಿದ್ರು,
ಓಣಿಯವರು ಯಹೂದ್ಯರ ಗುಡಿ,
ರೇಲ್ವೆ ಕಾಗದದಾಗ ಬರೇ ಕ್ವಾರ್ಟರ್ ನಂಬರ್ ಹದಿನಾರು.
ಮುಂದಿನ ಖೋಲಿ, ಒಂದು ಸಾಗವಾನಿ ಪೆಟ್ಟಿಗಿ,
ಅದರಾಗ ಗುಳೇದಗುಡ್ಡದ ಖಣದ ಅಂಗಿ ತೊಟ್ಟು ನಿಂತ ತೋರಾ ಸುರುಳಿ.
ಹೆಂಗಸರಿಗೆ ಸೀರಿ ಪರದೆ. ಪರದೆಗೊಂದು ತೂತು.
ತೂತಿಗೆ ನಾನು.

ಬಾಗಲ ಮುಚ್ಚೂ ಹಬ್ಬದ ಹಿಂದಿನ ಸಂಜಿ.
ವರ್ಕ್‌ಶಾಪಿನ ಭೋಂಗಾ ಊದಿದ ಮ್ಯಾಲ ಒಬ್ಬೊಬ್ಬರ ಬಂದರು,
ಬಿಳೀ ಅಂಗಿ,
ಎಷ್ಟ ತಿಕ್ಕಿದರೂ ಉಗುರಿನ ಸಂದ್ಯಾಗ ಗ್ರೀಸು:
ಬಾಯ್ಲರ್ ಶಾಪಿನ ಹಾನೋಖ್ ಅಜ್ಜ,
ಲೇಥಿಗೆ ಎರಡು ಬಟ್ಟು ಕೊಟ್ಟ ಶಾಲೋಮ್ ಮಾಮಾ, ಅವನ ತಮ್ಮ,
ಧಾರವಾಡದಿಂದ ಬಿನ್ಯಾಮೀನ್ ಕಂಪೌಂಡರ್, ಡೆಟಾಲಿನ ವಾಸನಿ ಸಮೇತ,
ಗದಗಿನ ಹತ್ತಿ ಗಿರಣಿಯ ಮೂವರು,
ಅಪ್ಪ.
ಮತ್ತ ನನ್ನ ಜೋಡಿ ಒಂದ ಹೊಟ್ಟ್ಯಾಗ ಇದ್ದ ಅವ್ನೇರ್,
ಹೋದ ತಿಂಗಳ ಹದಿಮೂರು ತುಂಬಿ
ಗಂಡಸರ ಲೆಕ್ಕಕ್ಕ ಜಮಾ ಆದವ.
ನನಗೂ ಹದಿಮೂರು.
ಲೆಕ್ಕಾ ಮಾಡೂದು ನನ್ನ ಕೆಲಸ.

ಮಂದೀನ ಅಂಕಿ ಹಾಕಿ ಎಣಿಸಬಾರದು, ದೃಷ್ಟಿ ಆಕ್ಕೈತಿ.
ಹತ್ತು ಶಬ್ದದ ಒಂದು ಪ್ರಾರ್ಥನಿ,
ಒಬ್ಬೊಬ್ಬರಿಗೆ ಒಂದೊಂದು ಶಬ್ದ ಹಂಚಿಕೋತ ಹೋದೆ.
ಕಡೀ ಶಬ್ದದ ಅರ್ಥ ‘ಎಂದೆಂದಿಗೂ’.
ಅದು ನನ್ನ ಬಾಯಾಗ ಉಳೀತು.

ಎಲಾಜಾರ್ ಕಾಕಾ ಗೂಡ್ಸಿನ ಗಾರ್ಡು.
ಅಣ್ಣಿಗೇರಿ ಬಿಟ್ಟೇತಂತ,
ಕುಸುಗಲ್ಲ ದಾಟೇತಂತ,
ಔಟರ್ ಸಿಗ್ನಲ್ಲಿಗೆ ನಿಂತೇತಂತ.
ಹಿತ್ತಲ ಬಾಗಲಿಂದ ಓಡಿದೆ, ಕ್ಯಾಬಿನ್ನಿನ ಮೆಟ್ಟಲ ಹತ್ತಿದೆ.
“ಲೈನ್ ಖಾಲಿ ಇಲ್ಲವಾ ಬೇಟಿ,” ಅಂದ ಮೌಲಾಸಾಬ,
“ಎರಡರಾಗ ಅದಿರು, ಒಂದರಾಗ ಮೇಲ್.”
ಅಲ್ಲಿಂದ ಕಾಣತಿತ್ತು:
ಕಡೀ ಡಬ್ಬಿ, ಡಬ್ಬಿಯ ಕೆಂಪು ದೀಪ,
ಮೈತುಂಬ ಬಿಳೀ ಶಾಲು ಹೊತ್ತ ಒಬ್ಬ ಮನಷ್ಯಾ
ಮುಂದ ಹಿಂದ ತೂಗತಿದ್ದ.
ಗಾಡಿ ಬಿಟ್ಟು ಗಾರ್ಡು ಇಳಿಯೂ ಹಂಗಿಲ್ಲ.
ಸೂರ್ಯಾಗ ಯಾರ ಸಿಗ್ನಲ್ಲೂ ಬೇಕಾಗಲಿಲ್ಲ,
ಉಣಕಲ್ಲ ಕಡೆ ಇಳಿದು ಹೋದ.

ಒಂಬತ್ತು ಮಂದಿ, ಒಂಬತ್ತು ಮಂದಿ ಓದೂವಷ್ಟ ಓದಿದರು.
ಪೆಟ್ಟಿಗಿ ತೆರೀಲಿಲ್ಲ.
ಶ್ರಾವಣದಾಗ ತೀರಿಕೊಂಡ ಹೆಂಡತಿ ಹೆಸರಲೆ
ಹಾನೋಖ್ ಅಜ್ಜ ಅನಬೇಕಾದ ಮಾತು
ಹತ್ತು ಮಂದಿ ಇಲ್ಲದ ಅನ್ನೂವಂಥಾದ್ದಲ್ಲ.
ಚೀಟಿ ಮಡಚಿದ, ಕಿಸೇದಾಗ ಇಟ್ಟ,
ಕಿಸೇ ಮ್ಯಾಲ ಅಂಗೈ ಒತ್ತಿಕೊಂಡು ಕುಂತ.

ರಾತ್ರಿ ಒಂಬತ್ತಕ್ಕ ಕಾಕಾ ಬಂದ,
ಬಗಲಾಗ ಹಸಿರು ಕೆಂಪು ನಿಶಾನಿ.
“ಹಬ್ಬ ಹತ್ತಿದ ಮ್ಯಾಲ ಗಾಡಿ ಎಷ್ಟ ಓಡ್ತು?” ಕೇಳಿದ ಬಿನ್ಯಾಮೀನ್.
“ಒಂದೂವರಿ ಮೈಲು.”
“ಅಷ್ಟಕ್ಕ ನಾಳೆ ಕ್ಷಮಾ ಕೇಳೂಣು.”

ನಾಳೆ ಕೇಳಿದರು. ನಿನ್ನಿ ಕೇಳಬೇಕಾದದ್ದೂ ಕೇಳಿದರು.
ಚೀಟಿ ಕಿಸೇದಿಂದ ಹೊರಗ ಬಂತು,
ಬೆವರಿಗೆ ಅರ್ಧ ಅಕ್ಷರ ಅಳಿಸಿದ್ದೂವು,
ಅಜ್ಜ ಅಳಿಸಿದ್ದನ್ನೂ ಓದಿದ.
ಕತ್ತಲಾದಾಗ ಶಾಲೋಮ್ ಮಾಮಾ ಟಗರಿನ ಕೊಂಬು ಊದಿದರ
ಕಾಲನಿ ನಾಯಿ ಒದರಿದವು,
ಎದುರು ಮನಿಯಾಂವ ನೈಟ್ ಶಿಫ್ಟಿನ ಭೋಂಗಾ ಅಂತ
ಬುತ್ತಿ ಹಿಡಕೊಂಡು ಎದ್ದ.

ಮರುದಿನ ಮುಂಜಾನೆ ಕಲ್ಲವ್ವ ಕಟ್ಟಿಗೆ ಕುಂತು
ಹೊಸಾ ಹೆಸರು ಅಳೀಲಿಕ್ಕೆ ಹತ್ತಿದ್ದಳು.
ಮೊದಲನೇ ಸೇರಿಗೆ ಒಂದು ಅನ್ನಾಕಿ ಅಲ್ಲ ಆಕಿ,
ಲಾಭ ಅನ್ನಾಕಿ, ಆಮ್ಯಾಲ ಎರಡು, ಮೂರು.
ಸೇರಿನ ತಲಿ ಸವರಿ ಕೇಳಿದಳು,
“ಮೊನ್ನೆ ಸಂಜಿಕ ಎಷ್ಟ ಮಂದಿ ಕೂಡಿದ್ರವಾ?”
ನಮ್ಮ ಸಿಪ್ಪೋರಾ ಆಜಿ ನನ್ನ ಮಾರಿ ನೋಡಿದಳು,
ಆಕಾಶ ನೋಡಿದಳು,
“ಲಾಭ,” ಅಂದಳು.
ಕಲ್ಲವ್ವ ನಕ್ಕೋತ ಮ್ಯಾಲೊಂದು ಬೊಗಸಿ ಹಾಕಿದಳು.

ಅದ ವಾರ ಹಿತ್ತಲದಾಗ ಚಪ್ಪರದ ಹಬ್ಬ.
ಕಾಕಾ ಗಳಾ ಹುಗದು ಮ್ಯಾಲ ಕಣಿಕಿ ಹೊಚ್ಚಿದ.
ನಾವು ಒಳಗ ಕೈ ತೊಳಕೊಂಡು ಬರೂದರಾಗ
ಕಲ್ಲವ್ವನ ಎಮ್ಮಿ ಅರ್ಧ ಮಾಳಿಗಿ ತಿಂದಿತ್ತು.
ಕಾಕಾ ತಲಿ ಎತ್ತಿ ನೋಡಿದ.
“ಚಿಕ್ಕಿ ಕಾಣಬೇಕು ಅಂತ ಕಾಯ್ದೆ ಐತಿ,
ಕಾಣ್ತಾವ. ಕುಂದರ್ರಿ.”
ಎಮ್ಮಿ ಇನ್ನೂ ಮೆಲುಕು ಹಾಕತಿತ್ತು.